ಇಪ್ಪತ್ತನೆಯ ಸೆಕೆಂಡು

ಹೋದ ತಿಂಗಳು ಮೂಡಲಗಿಗೆ ಹೋದಾಗ ಚಿಕ್ಕಪ್ಪನ ಮಗ ಹೊಸದಾಗಿ ಹಾಕಿದ ಕೋಳಿ ಶೆಡ್ಡು ತೋರಿಸಲು ಕರೆದುಕೊಂಡು ಹೋದ. ಮರಿಗಳು ಇನ್ನೂ ಬಂದಿರಲಿಲ್ಲ. ನೆಲಕ್ಕೆಲ್ಲ ಭತ್ತದ ಹೊಟ್ಟು ಹರಡಿದ್ದರು. ತಗಡಿನ ಸಂದಿಯಿಂದ ಮಳೆ ಇಳಿದು ಒಂದು ಮೂಲೆಯ ಹೊಟ್ಟು ನೆನೆದು ಮುಗ್ಗಲು ಹಿಡಿದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊರಗೆ ಬಂದುಬಿಟ್ಟೆ. ಕೋಳಿಯೇ ಬಂದಿಲ್ಲ, ಆಗಲೇ ಮೂಗು ಮುಚ್ಚಿದರೆ ಹೇಗೆ ಎಂದು ಅವನು ನಕ್ಕ. ಇದು ಕೋಳಿಯದಲ್ಲ, ಇಲಿಯದು ಎಂದು ಹೇಳಬಹುದಿತ್ತು. ಹೇಳಿದ್ದರೆ ಆ ಮಳೆಗಾಲವನ್ನೆಲ್ಲ ಹೇಳಬೇಕಾಗುತ್ತಿತ್ತು. ಅವನ ಹೊಸ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳುವಂಥದ್ದಲ್ಲ ಅದು.

ನಾನಾಗ ಎಂ.ಫಾರ್ಮ್ ಎರಡನೆಯ ವರ್ಷದಲ್ಲಿದ್ದೆ. ಹುಕ್ಕೇರಿ ಕಡೆಯ ಆ ಸಣ್ಣ ಕಾಲೇಜು ಈಗ ಮುಚ್ಚಿದೆ, ಹೆಸರು ಹೇಳಿ ಪ್ರಯೋಜನವಿಲ್ಲ. ಕಬ್ಬಿನ ಗದ್ದೆಗಳ ನಡುವೆ ಎರಡಂತಸ್ತಿನ ಕಟ್ಟಡ, ಅದರ ಹಿಂದೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಅದೇ ಪ್ರಾಣಿಗಳ ಮನೆ. ಗೋಡೆಗುಂಟ ಪಂಜರಗಳು, ಪಂಜರಗಳಲ್ಲಿ ಬಿಳಿ ಇಲಿಗಳು, ಇಲಿಗಳ ಕೆಳಗೆ ಭತ್ತದ ಹೊಟ್ಟು. ಮಳೆಗಾಲದಲ್ಲಿ ಆ ಹೊಟ್ಟು ಯಾವತ್ತೂ ಪೂರ್ತಿ ಒಣಗಲಿಲ್ಲ.

ನಾನು ಆರಿಸಿಕೊಂಡ ವಿಷಯ ಕೇಳಿ ಮನೆಯಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ. ಗೆಳತಿಯರೆಲ್ಲ ಸಕ್ಕರೆ ಕಾಯಿಲೆಗೆ ಯಾವುದೋ ಬೇರಿನ ಕಷಾಯ ಎಂದು ಸುಲಭದ ದಾರಿ ಹಿಡಿದಿದ್ದರು. ನನಗೆ ಮಾತ್ರ ಎಲ್ಲೋ ಓದಿದ ಒಂದು ಸಂಗತಿ ತಲೆಯೊಳಗೆ ಹೊಕ್ಕಿತ್ತು. ಪ್ರಾಣಿಗಳು ಹೊತ್ತನ್ನು ಅಳೆಯುತ್ತವೆ, ಆ ಅಳತೆಗೂ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕಕ್ಕೂ ನಂಟಿದೆ. ಅದು ಹೆಚ್ಚಾದರೆ ಒಳಗಿನ ಗಡಿಯಾರ ಬೇಗ ಓಡುತ್ತದೆ, ಅದರ ಕೆಲಸ ತಡೆದರೆ ನಿಧಾನವಾಗುತ್ತದೆ ಎಂದು ಇಲಿಗಳ ಮೇಲೆ ನೋಡಿದವರು ಬರೆದಿದ್ದರು. ಅದನ್ನು ನನ್ನ ಕಣ್ಣಿಂದ ನೋಡಬೇಕು ಅನ್ನಿಸಿತ್ತು. ನನ್ನ ಗೈಡ್ ದೇಸಾಯಿ ಸರ್ ಹೊಸ ವಿಷಯ ಎಂದು ಖುಷಿಪಟ್ಟರು, ಅದಕ್ಕೆ ಬೇಕಾದ ಪೆಟ್ಟಿಗೆಗೆ ಮಾತ್ರ ಕಾಲೇಜಿನಲ್ಲಿ ದುಡ್ಡಿಲ್ಲ ಎಂದರು.

ಪೆಟ್ಟಿಗೆ ಎಂದರೆ ಇಷ್ಟೇ. ಒಳಗೆ ಒಂದು ದೀಪ, ಒಂದು ಹಿಡಿಕೆ. ದೀಪ ಹತ್ತಿ ಇಪ್ಪತ್ತು ಸೆಕೆಂಡು ಕಳೆದ ಮೇಲೆ ಇಲಿ ಹಿಡಿಕೆ ಒತ್ತಿದರೆ ಒಂದು ಸಕ್ಕರೆ ಗುಳಿಗೆ ಬೀಳಬೇಕು. ಅದಕ್ಕೂ ಮೊದಲು ಎಷ್ಟು ಒತ್ತಿದರೂ ಏನೂ ಇಲ್ಲ. ವಾರಗಟ್ಟಲೆ ಕಲಿತ ಇಲಿ ಸುಮ್ಮನೆ ಒತ್ತುವುದಿಲ್ಲ, ಕಾಯುತ್ತದೆ. ಹೊತ್ತು ಹತ್ತಿರ ಬಂತು ಅನ್ನಿಸಿದಾಗ ಒತ್ತಲು ಶುರು ಮಾಡಿ, ಇಪ್ಪತ್ತರ ಸುಮಾರಿಗೆ ಜೋರು ಮಾಡುತ್ತದೆ. ನಡುನಡುವೆ ಬೇಕಂತಲೇ ಗುಳಿಗೆ ಕೊಡದೆ ದೀಪ ಹಾಗೇ ಉರಿಸಿದರೆ, ಇಪ್ಪತ್ತರ ಹತ್ತಿರ ಜೋರಾಗಿ ಒತ್ತಿ, ಹೊತ್ತು ದಾಟಿತು ಎಂದು ತಾನೇ ಕೈಬಿಡುತ್ತದೆ. ಕೈಗಡಿಯಾರವಿಲ್ಲದ ಅಂಗೈಯಗಲದ ಪ್ರಾಣಿ ಹೀಗೆ ಮಾಡುವುದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ.

ಆದರೆ ಆ ದಿನ ಬರುವುದಕ್ಕೆ ಮುಂಚೆ ನಾನು ಪಟ್ಟ ಪಾಡು! ಗೋಕಾಕದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡುವ ರಸೂಲ್ ಕಾಕಾ ಎಂಬವರಿದ್ದರು. ಮೋಟರ್ ಚಾಲೂ ಆಗುವ ಮುಂಚೆ ಕೆಲವು ಸೆಕೆಂಡು ತಡೆದು ನಿಲ್ಲಿಸುವ ಟೈಮರ್ ಒಂದು ಸ್ಟಾರ್ಟರಿನೊಳಗೆ ಇರುತ್ತದೆ. ಅದನ್ನೇ ಬಿಚ್ಚಿ, ದೀಪಕ್ಕೂ ಹಿಡಿಕೆಗೂ ತಂತಿ ಎಳೆದು, ಪ್ಲೈವುಡ್ಡಿನಲ್ಲಿ ಎರಡು ಪೆಟ್ಟಿಗೆ ಮಾಡಲು ಒಪ್ಪಿಕೊಂಡರು. ಒತ್ತಿದ್ದನ್ನು ಲೆಕ್ಕ ಇಡಲು ಹಳೆಯ ಕೀಬೋರ್ಡ್ ಒಂದನ್ನು ಕಿತ್ತು ಹಿಡಿಕೆಗೆ ಜೋಡಿಸಿ, ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಟ್ಟರು. ಇಡೀ ಜೂನ್ ತಿಂಗಳು ನಾನು ಹುಕ್ಕೇರಿ-ಗೋಕಾಕ ಬಸ್ಸಿನಲ್ಲೇ ಕಳೆದೆ. ಹೋದಾಗಲೆಲ್ಲ ಯಾರಾದರೂ ರೈತರು ಕೆಟ್ಟ ಸ್ಟಾರ್ಟರ್ ಹಿಡಿದು ಕೂತಿರುತ್ತಿದ್ದರು, ಇಲಿಯ ಸರದಿ ಅವರಾದ ಮೇಲೆ.

ಒಂದು ಪೆಟ್ಟಿಗೆ ಬಂತು. ಗುಳಿಗೆಗಳನ್ನು ನಮ್ಮ ಕಾಲೇಜಿನ ಮಾತ್ರೆ ಮಾಡುವ ಯಂತ್ರದಲ್ಲೇ ಒತ್ತಿದೆವು. ಮಳೆಯ ತೇವಕ್ಕೆ ಅವು ಒಂದಕ್ಕೊಂದು ಅಂಟಿ ಕೊಳವೆಯಲ್ಲಿ ಸಿಕ್ಕಿಬಿದ್ದವು. ಇಲಿ ಸರಿಯಾದ ಹೊತ್ತಿಗೆ ಒತ್ತಿ, ಬಾರದ ಗುಳಿಗೆಗಾಗಿ ತಟ್ಟೆ ಮೂಸಿ ನನ್ನ ಕಡೆ ನೋಡುತ್ತಿತ್ತು. ಗುಳಿಗೆ ಸರಿಯಾದರೆ ಕರೆಂಟು ಹೋಗುತ್ತಿತ್ತು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷ ತಡೆಯುತ್ತಿರಲಿಲ್ಲ. ಕರೆಂಟು ಹೋದರೆ ಆ ದಿನದ ಅಂಕಿಗಳೆಲ್ಲ ಹೋದವು ಎಂದೇ ಅರ್ಥ. ಎಷ್ಟೋ ಸಲ ನಾನು ಆ ಕೋಣೆಯ ಹೊರಗೆ ಕಟ್ಟೆಯ ಮೇಲೆ ಕೂತು ಅತ್ತಿದ್ದೇನೆ.

ಅತ್ತಾಗ ಚಹಾ ತಂದು ಪಕ್ಕದಲ್ಲಿಡುತ್ತಿದ್ದವಳು ಕಲ್ಲವ್ವ. ಪ್ರಾಣಿಗಳ ಮನೆ ನೋಡಿಕೊಳ್ಳಲು ಕಾಲೇಜಿನವರು ಇಟ್ಟುಕೊಂಡಿದ್ದ ಹೆಂಗಸು. ನಲವತ್ತೈದರ ಆಸುಪಾಸು, ಹಣೆಯುದ್ದಕ್ಕೂ ವಿಭೂತಿ, ಸೆರಗು ಸದಾ ಸೊಂಟಕ್ಕೆ ಸಿಕ್ಕಿಸಿರುತ್ತಿದ್ದಳು. ಬೆಲ್ಲದ ಬಾಗೇವಾಡಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ನಾನು ಅವಳನ್ನು ಕಾಕೂ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಅವಳಿಗೆ ಹಿಡಿಸದಿದ್ದದ್ದು ಒಂದೇ, ಇಲಿಗಳ ಉಪವಾಸ. ಹೊಟ್ಟೆ ತುಂಬಿದ ಇಲಿ ಸಕ್ಕರೆಗಾಗಿ ಕಾಯುವುದಿಲ್ಲ. ಆದ್ದರಿಂದ ನನ್ನ ಹನ್ನೆರಡು ಇಲಿಗಳಿಗೆ ದಿನಕ್ಕೊಮ್ಮೆ, ಪ್ರಯೋಗ ಮುಗಿದ ಮೇಲೆ, ತೂಗಿ ಅಳೆದು ಇಷ್ಟೇ ಎಂದು ಹಾಕಬೇಕಿತ್ತು. ಪಕ್ಕದ ಪಂಜರಗಳಲ್ಲಿ ಗೆಳತಿಯರ ಇಲಿಗಳು ಬೇಕಾದಷ್ಟು ತಿನ್ನುತ್ತಿದ್ದವು. ಕಲ್ಲವ್ವ ದಿನಾ ಒಂದು ಸಲವಾದರೂ ಇದನ್ನು ಎತ್ತುತ್ತಿದ್ದಳು. ನಾನು ದಿನಾ ಅದೇ ಉತ್ತರ ಕೊಡುತ್ತಿದ್ದೆ.

ನಾಗರಪಂಚಮಿಗೆ ನಮ್ಮೂರು ಮೂಡಲಗಿಗೆ ಹೋದೆ. ಎರಡು ದಿನ ಎಂದು ಹೋದವಳು ಏಳು ದಿನ ಸಿಕ್ಕಿಬಿದ್ದೆ. ಮಹಾರಾಷ್ಟ್ರದ ಕಡೆ ಮಳೆ ಹುಚ್ಚಾಪಟ್ಟೆ ಹೊಡೆದು, ಡ್ಯಾಮಿನಿಂದ ನೀರು ಬಿಟ್ಟು, ಲೋಳಸೂರಿನ ಸೇತುವೆ ಮುಳುಗಿತು. ಬಸ್ಸಿಲ್ಲ. ಗೋಕಾಕದ ಪೇಟೆಗೆ ನೀರು ನುಗ್ಗಿತು. ರಸೂಲ್ ಕಾಕಾನ ಅಂಗಡಿಯಲ್ಲಿ ಸೊಂಟಮಟ್ಟ ನೀರು ನಿಂತು, ಅರ್ಧ ಆಗಿದ್ದ ನನ್ನ ಎರಡನೆಯ ಪೆಟ್ಟಿಗೆಯ ಪ್ಲೈವುಡ್ಡು ಉಬ್ಬಿ ಬಿಚ್ಚಿಕೊಂಡಿತು. ಅವರ ಅಂಗಡಿಯೇ ಹೋಗಿರುವಾಗ ನನ್ನ ಪೆಟ್ಟಿಗೆಯ ಮಾತು ಎತ್ತಲು ಬಾಯಿ ಬರಲಿಲ್ಲ. ಇತ್ತ ಹುಕ್ಕೇರಿಯಲ್ಲಿ ಕಲ್ಲವ್ವ ಮೂರು ದಿನ ಮನೆಗೆ ಹೋಗದೆ ಕಾಲೇಜಿನಲ್ಲೇ ಉಳಿದು, ಮಾಡು ಸೋರುತ್ತಿದ್ದ ಕಡೆಯಿಂದ ಪಂಜರಗಳನ್ನು ಒಂದೊಂದಾಗಿ ಸರಿಸಿ ಇಲಿಗಳನ್ನು ಕಾಯ್ದಿದ್ದಳು. ನಾನು ಬಂದವಳೇ ಅವುಗಳ ತೂಕ ಹೆಚ್ಚಾಗಿದೆ ಎಂದು ಸಿಡುಕಿದೆ. ಮೂರು ದಿನ ಅಲ್ಲೇ ಇದ್ದದ್ದಕ್ಕೆ ಒಂದು ಮಾತು ಹೇಳಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಸೆಪ್ಟೆಂಬರಿನಲ್ಲಿ, ಇದ್ದ ಒಂದೇ ಪೆಟ್ಟಿಗೆಯಲ್ಲಿ, ಮದ್ದಿನ ಪ್ರಯೋಗ ಶುರುವಾಯಿತು. ಆರು ಇಲಿಗಳಿಗೆ ಹ್ಯಾಲೊಪೆರಿಡಾಲ್ ಎಂಬ ಡೋಪಮೈನ್ ತಡೆಯುವ ಮದ್ದಿನ ಸೂಜಿ, ಆರಕ್ಕೆ ಬರೀ ಉಪ್ಪುನೀರಿನ ಸೂಜಿ. ಮುಂದಿನ ವಾರ ಅದಲು ಬದಲು. ಸೂಜಿ ಚುಚ್ಚಿ ಅರ್ಧ ತಾಸು ಬಿಟ್ಟು ಪೆಟ್ಟಿಗೆಗೆ ಹಾಕುವುದು. ಆ ಅರ್ಧ ತಾಸು ನಾನು ಮೇಲಿನ ಕೋಣೆಯಲ್ಲಿ ಹಿಂದಿನ ದಿನದ ಅಂಕಿ ತುಂಬುತ್ತಿದ್ದೆ.

ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಂಬಿಕೆಯಾಗಲಿಲ್ಲ. ಉಪ್ಪುನೀರಿನ ಇಲಿಗಳು ಇಪ್ಪತ್ತರ ಹತ್ತಿರವೇ ಜೋರು ಮಾಡಿದವು. ಮದ್ದಿನ ಇಲಿಗಳು ಇಪ್ಪತ್ತು ದಾಟಿ, ಇಪ್ಪತ್ತೈದೂ ದಾಟಿ ಒತ್ತಿದವು. ಒಳಗಿನ ಗಡಿಯಾರ ನಿಧಾನವಾಗಿತ್ತು. ದೇಸಾಯಿ ಸರ್ ಗ್ರಾಫ್ ನೋಡಿ ಇದನ್ನು ದೊಡ್ಡ ಪತ್ರಿಕೆಗೆ ಕಳಿಸೋಣ ಎಂದರು. ಗೋವಾದ ಒಂದು ಔಷಧ ಕಂಪನಿಯ ಕೆಲಸಕ್ಕೆ ನನ್ನ ಹೆಸರು ಸೂಚಿಸಿ ಪತ್ರ ಬರೆದರು. ಡಿಸೆಂಬರಿನೊಳಗೆ ಪ್ರಬಂಧ ಕೊಟ್ಟರೆ ಜನವರಿಗೆ ಕೆಲಸ. ನಾನು ಮನೆಗೆ ಫೋನು ಮಾಡಿ ಹೇಳಿಯೂ ಬಿಟ್ಟೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಸೂಜಿ ಹಾಕಿ ಮೇಲೆ ಹೋದ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಬಯ್ಯುತ್ತ ಕೆಳಗೆ ಬಂದೆ. ಪ್ರಾಣಿಗಳ ಮನೆಯ ಬಾಗಿಲು ಅರ್ಧ ತೆರೆದಿತ್ತು. ಕಿಟಕಿಯ ಬೆಳಕಿನಲ್ಲಿ ಕಲ್ಲವ್ವ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಹಳೆಯ ಧೋತರದ ತುಂಡು, ಅದರಲ್ಲಿ ನನ್ನ ನಾಲ್ಕನೆಯ ನಂಬರಿನ ಇಲಿ. ಪಕ್ಕದ ಬಟ್ಟಲಲ್ಲಿ ಬೆಲ್ಲದ ನೀರಿಗೆ ಕಲಸಿದ ಜೋಳದ ಹಿಟ್ಟು. ಬೆರಳ ತುದಿಯಿಂದ ಅದರ ಬಾಯಿಗೆ ಸವರುತ್ತಿದ್ದಳು, ಇಲಿ ಮೆಲ್ಲಗೆ ನೆಕ್ಕುತ್ತಿತ್ತು.

ಏನು ಮಾಡುತ್ತಿದ್ದೀರಿ, ಎಷ್ಟು ದಿನದಿಂದ ಎಂದು ಕೇಳಿದೆ. ದಿನಾ, ಎಂದಳು. ಎಲ್ಲಕ್ಕೂ ಕೊಟ್ಟಿರಾ ಎಂದರೆ ಇಲ್ಲ ಎಂದು ತಲೆಯಾಡಿಸಿದಳು.

"ಓಡ್ಯಾಡೂವು ಓಡ್ಯಾಡತಾವ್ರಿ ಅಕ್ಕಾರ, ಅವಕ್ಕ ಕೊಡಂಗಿಲ್ಲ. ಈ ಕುಂತ ಕಡೆ ಕುಂತಬಿಡತಾವಲ್ರಿ, ಇವಕ್ಕಷ್ಟ. ಇವಕ್ಕ ತಾವ ತಿನ್ನಾಕ ಆಗಂಗಿಲ್ಲ."

ಅಂದರೆ ಮದ್ದು ತಗಲಿದ ಇಲಿಗಳಿಗೆ ಮಾತ್ರ. ಸಕ್ಕರೆಗಾಗಿ ಕಾಯಬೇಕಾದ ಇಲಿಗಳಿಗೆ, ಪೆಟ್ಟಿಗೆಗೆ ಹಾಕುವ ಮುಂಚೆ, ಬೆಲ್ಲ. ಒಂದು ತಿಂಗಳ ನನ್ನ ಅಂಕಿಗಳೆಲ್ಲ ಕಣ್ಣೆದುರು ಬಂದವು. ಅವು ತಡವಾಗಿ ಒತ್ತಿದ್ದು ಗಡಿಯಾರ ನಿಧಾನವಾಗಿದ್ದಕ್ಕೋ, ಬಾಯಿ ಸಿಹಿಯಾಗಿ ಗುಳಿಗೆ ಬೇಡವಾಗಿದ್ದಕ್ಕೋ? ಇನ್ನು ಯಾರೂ ಹೇಳಲಾರರು. ನಾನು ಬಾಯಿಗೆ ಬಂದದ್ದು ಅಂದೆ. ನಿಮ್ಮಂಥವರನ್ನು ಇಲ್ಲಿ ಇಟ್ಟದ್ದೇ ತಪ್ಪು, ನನ್ನ ವರ್ಷ ಹಾಳುಮಾಡಿದಿರಿ ಎಂದೆ. ಇನ್ನೂ ಏನೇನೋ.

ಅವಳು ಇಲಿಯನ್ನು ಪಂಜರಕ್ಕೆ ಬಿಟ್ಟು, ಕೈ ಒರೆಸಿಕೊಂಡು, ಸೊಂಟದ ಚೀಲದಿಂದ ಒಂದು ಖಾಲಿ ಮಾತ್ರೆ ಹಾಳೆ ತೆಗೆದಳು. ನನ್ನ ಮದ್ದಿನ ಸೀಸೆಯ ಪಕ್ಕದಲ್ಲಿ ಅದನ್ನು ಇಟ್ಟಳು. ಓದು ಬಾರದಿದ್ದರೂ ಅಕ್ಷರಗಳ ಮೇಲೆ ಬೆರಳಾಡಿಸಿ ತೋರಿಸಿದಳು.

"ಇವೆರಡೂ ಒಂದ ಹೌದಲ್ರಿ? ನಮ್ಮ ಮನ್ಯಾಗೂ ಹಿಂಗ ಒಬ್ಬಾಂವ ಕುಂತಾನ್ರಿ, ಮೂರು ವರ್ಷ ಆತು. ನಾ ತಿನಿಸಿದರಷ್ಟ ತಿಂತಾನ."

ಎರಡೂ ಒಂದೇ ಆಗಿದ್ದವು. ನಾನು ನೋಡಿದೆ, ಓದಿದೆ, ಆದರೆ ಆ ಹೊತ್ತಿನಲ್ಲಿ ಅದು ನನ್ನ ಒಳಗೆ ಇಳಿಯಲಿಲ್ಲ. ನೇರವಾಗಿ ದೇಸಾಯಿ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಸರ್ ಈ ವಿಷಯ ಇನ್ನು ಯಾರಿಗೆ ಗೊತ್ತು ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. ಹಾಗಾದರೆ ಇಲ್ಲಿಗೇ ಬಿಡು ಎಂದರು. ಬೇರೆಯವರೂ ಇದೇ ನೋಡಿದ್ದಾರೆ, ನಿನಗೂ ಅದೇ ಬಂದಿದೆ, ಅಂದಮೇಲೆ ಫಲಿತಾಂಶ ಸರಿಯೇ ಇರಬೇಕು, ಹೆಂಗಸೊಬ್ಬಳ ಒಂದು ಬೆರಳು ಬೆಲ್ಲದಿಂದ ಏನೂ ಆಗದು ಎಂದು ಸಮಾಧಾನ ಹೇಳಿದರು. ಮರುದಿನ ಕಲ್ಲವ್ವ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸರ್ ಅವಳನ್ನು ಕೆಲಸದಿಂದ ಬಿಡಿಸಿದ್ದರು.

ನಾನು ಕೇಳಿದ್ದು ಅದನ್ನಲ್ಲ. ಆದರೆ ನಾನು ಹೇಳದಿದ್ದರೆ ಅದು ಆಗುತ್ತಿರಲಿಲ್ಲ. ವಾಪಸು ಕರೆಸಿ ಎಂದು ಎರಡು ಸಲ ಹೋಗಿ ಕೇಳಿದೆ. ನೀನೇ ದೂರು ಕೊಟ್ಟವಳು, ಈಗ ನೀನೇ ವಕೀಲಿ ಮಾಡುತ್ತೀಯಾ ಎಂದರು.

ಆ ಭಾನುವಾರ ಬೆಲ್ಲದ ಬಾಗೇವಾಡಿಗೆ ಹೋದೆ. ಮನೆ ಹುಡುಕಲು ಕಷ್ಟವಾಗಲಿಲ್ಲ. ಕಲ್ಲವ್ವ ಬಾಗಿಲಲ್ಲೇ ಸಿಕ್ಕಳು, ಬರ್ರಿ ಎಂದಳು, ನಗಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಅವಳ ಗಂಡ ಶಿವಲಿಂಗಪ್ಪ ಕೂತಿದ್ದ. ಎತ್ತರದ ಆಳು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕೈಬೆರಳು ಮಾತ್ರ ಸಣ್ಣಗೆ ನಡುಗುತ್ತಿದ್ದವು. ಕಣ್ಣು ರೆಪ್ಪೆ ಬಡಿಯುವುದೂ ಅಪರೂಪ. ಸೂಜಿಯ ನಂತರ ಪಂಜರದ ಮೂಲೆಯಲ್ಲಿ ಕೂರುತ್ತಿದ್ದ ಇಲಿಗಳನ್ನು ನಾನು ಒಂದು ತಿಂಗಳಿಡೀ ನೋಡಿದ್ದೆ. ಇವನು ಕೂತದ್ದೂ ಹಾಗೆಯೇ.

ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದನಂತೆ. ಒಂದು ವರ್ಷ ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಎನ್ನಲು ಶುರು ಮಾಡಿ, ಗಿರಾಕಿಗಳ ಅರಿವೆ ಕತ್ತರಿಸಿ ಬಿಸಾಡಿದ. ದೊಡ್ಡಾಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟರು. ಕಿವಿಯೊಳಗಿನ ಮಾತು ನಿಂತವು, ಜೊತೆಗೆ ಅವನೂ ನಿಂತ. ತಿಂಗಳಿಗೊಮ್ಮೆ ತೋರಿಸಿರಿ ಎಂದಿದ್ದರು. ಎರಡು ಸಲ ಹೋದರು, ಆಮೇಲೆ ಬಿಟ್ಟರು. ಅದೇ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಅವೇ ಮಾತ್ರೆ ತರುತ್ತ ಮೂರು ವರ್ಷವಾಗಿತ್ತು. ಚೀಟಿ ನೋಡಿದೆ. ಜೋರು ಕಾಯಿಲೆಗೆ ಬರೆದ ಮೊದಲ ದಿನದ ಪ್ರಮಾಣವೇ ಇನ್ನೂ ನಡೆದಿತ್ತು.

ನನಗೆ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಯಾಕೆಂದರೆ ಅದನ್ನು ಕೇಳಿದವಳು ಪ್ರಬಂಧ ಬರೆಯುತ್ತಿದ್ದ ಹುಡುಗಿ. ಅವನ ಮುಂದೆ ಕೂತು, ಹಿಂಗ ಕುಂತಾಗ ಹೊತ್ತು ಸಾವಕಾಶ ಹೋಗತೈತೇನ್ರಿ ಕಾಕಾ ಎಂದು ಕೇಳಿದೆ. ಉತ್ತರ ಬರುವುದಿಲ್ಲ ಎಂದುಕೊಂಡೆ. ಅವನ ತುಟಿ ಅಲುಗಲು ಬಹಳ ಹೊತ್ತು ಬೇಕಾಯಿತು.

"ಹೊತ್ತ ಹೋಗತೈತ್ರಿ ಬರೋಬ್ಬರಿ. ಬಸ್ಸ ಬಂದದ್ದು, ಹೋದದ್ದು, ಎಲ್ಲಾ ಗೊತ್ತಾಗತೈತಿ. ನಾನ ಏಳಂಗಿಲ್ಲ."

ಕಲ್ಲವ್ವ ಒಳಗಿನಿಂದ ಬಂದು ನಿಂತಳು. ಅವನು ಇಷ್ಟು ಮಾತು ಒಟ್ಟಿಗೆ ಆಡಿದ್ದು ಬಹಳ ದಿನದ ಮೇಲೆ ಎಂದಳು. ನನ್ನ ಇಡೀ ಕೆಲಸದ ಪ್ರಶ್ನೆ ಅದೇ ಆಗಿತ್ತು. ಗಡಿಯಾರ ನಿಧಾನವಾಯಿತೋ, ಗಡಿಯಾರ ಸರಿಯಿದ್ದು ಪ್ರಾಣಿ ಏಳಲಾರದೆ ಹೋಯಿತೋ? ಇಲಿಯನ್ನು ಕೇಳಲು ಬರುವುದಿಲ್ಲ.

ಮಾತ್ರೆ ತಟ್ಟನೆ ಬಿಡಿಸಬೇಡಿ, ಆದರೆ ಡಾಕ್ಟರಿಗೆ ತೋರಿಸಲೇಬೇಕು ಎಂದೆ. ಮುಂದಿನ ವಾರ ನಾನೇ ಜೊತೆಗೆ ಬೆಳಗಾವಿಗೆ ಹೋದೆ. ಡಾಕ್ಟರು ಮೂರು ವರ್ಷ ಎಲ್ಲಿದ್ದಿರಿ ಎಂದು ಕಲ್ಲವ್ವನಿಗೆ ಬೈದು, ಪ್ರಮಾಣ ಇಳಿಸುತ್ತ ಬೇರೆ ಮಾತ್ರೆಗೆ ಬದಲಿಸಿದರು. ಒಮ್ಮೆಗೇ ಎಲ್ಲ ಸರಿಹೋಗಲಿಲ್ಲ. ಎರಡು ತಿಂಗಳು ಅವನಿಗೆ ನಿದ್ದೆ ಹತ್ತಲಿಲ್ಲ. ಆಮೇಲೆ ಎದ್ದು ಅಡ್ಡಾಡತೊಡಗಿದ. ಮೊದಲು ಒಂದೇ ಕಡೆ ಕೂತಿರುತ್ತಿದ್ದ, ಈಗ ಊರೆಲ್ಲ ಹುಡುಕುವುದೇ ನನ್ನ ಕೆಲಸವಾಗಿದೆ ಎಂದು ಕಲ್ಲವ್ವ ಫೋನಿನಲ್ಲಿ ಗೊಣಗಿದಳು. ಆ ಗೊಣಗಾಟದಲ್ಲಿ ಖುಷಿ ಇತ್ತೋ ಬೇಸರವೋ, ನನಗೆ ತಿಳಿಯಲಿಲ್ಲ.

ಇತ್ತ ನಾನು ಸರ್ ಎದುರು ಹಟ ಹಿಡಿದೆ. ಹಳೆಯ ಅಂಕಿಗಳನ್ನು ಹಾಕಿದರೆ ಬೆಲ್ಲದ ಸಂಗತಿಯನ್ನೂ ಬರೆಯುತ್ತೇನೆ, ಇಲ್ಲವೇ ಮತ್ತೆ ಮೊದಲಿಂದ ಮಾಡುತ್ತೇನೆ ಎಂದೆ. ಅವರು ಸಿಟ್ಟಾಗಿ ಹದಿನೈದು ದಿನ ಮಾತು ಬಿಟ್ಟರು. ಹೊಸ ಇಲಿಗಳಿಗೆ ಅನುಮತಿ ಸಿಗಲಿಲ್ಲ. ಅವೇ ಹನ್ನೆರಡರ ಮೇಲೆ ಮತ್ತೆ ಮಾಡಿದೆ, ಈ ಸಲ ಅರ್ಧ ತಾಸೂ ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಕೂತು. ಕರೆಂಟು ಹೋಗುತ್ತಿತ್ತು, ಟೈಮರ್ ಕೈಕೊಡುತ್ತಿತ್ತು, ಎರಡು ಇಲಿ ಕಾಯಿಲೆ ಬಿದ್ದವು. ಕೊನೆಗೆ ಬಂದದ್ದೇನು? ಮದ್ದಿನ ಇಲಿಗಳು ತಡವಾಗಿ ಒತ್ತಿದವು, ಆದರೆ ಸ್ವಲ್ಪವೇ, ಅದೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ. ಬೆಲ್ಲದ ಹಳೆಯ ಅಂಕಿ, ಈ ಹೊಸ ಅಂಕಿ, ಇದ್ದದ್ದು ಇದ್ದಂತೆ ಎರಡನ್ನೂ ಬರೆದೆ. ಡಿಸೆಂಬರ್ ಹೋಯಿತು, ಗೋವಾದ ಕೆಲಸ ಬೇರೆಯವರಿಗೆ ಹೋಯಿತು. ಪ್ರಬಂಧಕ್ಕೆ ಸರ್ ಸಹಿ ಹಾಕಿದ್ದು ಮುಂದಿನ ಬೇಸಿಗೆಯಲ್ಲಿ. ಮೌಖಿಕ ಪರೀಕ್ಷೆಗೆ ಬಂದವರು ಪುಟ ತಿರುವಿ, ಹಾಗಾದರೆ ಇಲಿಯ ಗಡಿಯಾರ ನಿಧಾನವಾಯಿತೋ ಇಲ್ಲವೋ ಎಂದು ಕೇಳಿದರು. ನನ್ನ ಕೆಲಸದಿಂದ ಅದನ್ನು ಹೇಳಲು ಬರುವುದಿಲ್ಲ ಎಂದೆ. ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ ಬಿತ್ತು.

ಆ ಸಂಜೆ ಹುಕ್ಕೇರಿಯಲ್ಲಿ ಪೇಢೆ ಕಟ್ಟಿಸಿಕೊಂಡು ಬೆಲ್ಲದ ಬಾಗೇವಾಡಿಗೆ ಹೋದೆ. ಶಿವಲಿಂಗಪ್ಪ ಮನೆಯಲ್ಲಿರಲಿಲ್ಲ, ಎಲ್ಲೋ ಅಡ್ಡಾಡಲು ಹೋಗಿದ್ದ. ಕಲ್ಲವ್ವ ಆಗ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದಳು, ಅಂಗೈ ಒಡೆದಿದ್ದವು. ಕೆಲಸ ಹೋದದ್ದಕ್ಕೆ ನಾನು ಕ್ಷಮೆ ಕೇಳಿದೆ. ಅವಳು ಕೇಳಿಸಿಕೊಂಡಳು, ಆತು ಬಿಡ್ರಿ ಎನ್ನಲಿಲ್ಲ. ಚಹಾ ಕೊಟ್ಟಳು, ಒಂದು ಪೇಢೆ ಮುರಿದು ಅರ್ಧ ಬಾಯಿಗೆ ಹಾಕಿಕೊಂಡಳು. ಆಮೇಲೆ ಇಲಿಗಳು ಏನಾದವು ಎಂದು ಕೇಳಿದಳು.

ಪ್ರಯೋಗ ಮುಗಿದ ಮೇಲೆ ಅವನ್ನು ಇಟ್ಟುಕೊಳ್ಳುವ ನಿಯಮವಿಲ್ಲ, ನೋವಾಗದಂತೆ ಮುಗಿಸಬೇಕಾಗುತ್ತದೆ ಎಂದು ಹೇಳಿದೆ. ಅವಳಿಗೆ ಗೊತ್ತಿದ್ದ ಸಂಗತಿಯೇ. ತಲೆಯಾಡಿಸಿದಳು. ಮುಗಿಸಿದ ದಿನ ಅವು ಉಪವಾಸ ಇದ್ದವೇನು ಎಂದು ಕೇಳಿದಳು.

ನಾನು ನೆನಪು ಮಾಡಿಕೊಂಡೆ. ಕೊನೆಯ ದಿನವೂ ರಿಜಿಸ್ಟರಿನಲ್ಲಿ ಅದೇ ಪಟ್ಟಿ ಇತ್ತು. ಊಟ ಸಂಜೆಗೆ. ಅವನ್ನು ಬೆಳಿಗ್ಗೆಯೇ ಒಯ್ದಿದ್ದೆವು. ಯಾರೂ ಅದನ್ನು ಬದಲಿಸುವ ಯೋಚನೆ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ. ಹೌದು, ಎಂದೆ.

ಕಲ್ಲವ್ವ ಕೈಯಲ್ಲಿ ಉಳಿದಿದ್ದ ಪೇಢೆಯ ಅರ್ಧವನ್ನು ತಟ್ಟೆಯಲ್ಲಿಟ್ಟಳು.

"ಅವತ್ತ ನಿಮ್ಮ ಪೆಟ್ಟಿಗಿ ಪರೀಕ್ಷಾ ಏನೂ ಇರಲಿಲ್ಲಲ್ರಿ ಅಕ್ಕಾರ?"

ಇರಲಿಲ್ಲ, ಎಂದೆ.